ಅಪ್ಪನ ಕೂಗು ಕೇಳುವಷ್ಟು ದೂರ

ನಮ್ಮಪ್ಪ ಹಾಲಸ್ವಾಮಿಯ ದನಿ ಬಹಳ ಸಣ್ಣದು. ಮನೆಯಲ್ಲಿ ಕುಡಿಯಲು ನೀರು ಬೇಕೆಂದರೂ ಎರಡು ಸಲ ಕೇಳಬೇಕಿತ್ತು; ಮೊದಲನೆಯದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅಂಥವನ ಒಂದು ಕೂಗಿಗೆ ಇಡೀ ಭದ್ರಾವತಿ ಏಳುತ್ತಿತ್ತು, ಒಂದು ಕೂಗಿಗೆ ಉಣ್ಣುತ್ತಿತ್ತು, ಇನ್ನೊಂದು ಕೂಗಿಗೆ ಕೈಕಾಲು ತೊಳೆದು ಮನೆ ಸೇರುತ್ತಿತ್ತು. ಕಬ್ಬಿಣದ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ, ಹಬೆಯಿಂದ ಕೂಗುವ ಆ ದೊಡ್ಡ ಸೀಟಿಯ ಸರಪಳಿ ಎಳೆಯುವವನು ಅವನೇ.

ಕೆಲಸವೆಂದರೆ ಅದೊಂದೇ ಏನಲ್ಲ. ದಿನವಿಡೀ ಬಾಯ್ಲರಿನ ನೀರು ನೋಡಬೇಕು, ಬೆಂಕಿ ನೋಡಬೇಕು, ಬೆವರು ಒರೆಸಿಕೊಳ್ಳಬೇಕು. ಆದರೆ ಅಪ್ಪ ತನ್ನ ಕೆಲಸದ ಬಗ್ಗೆ ಹೇಳುವಾಗ ಮಿಕ್ಕಿದ್ದನ್ನೆಲ್ಲ ಬಿಟ್ಟು ಕೂಗಿನ ವಿಷಯ ಮಾತ್ರ ಹೇಳುತ್ತಿದ್ದ. ಅದರಲ್ಲಿ ಅವನಿಗೆ ವಿಪರೀತ ಜಂಬ. ಸುಳ್ಳು ಹೇಳಬಾರದು, ಜಂಬಕ್ಕೆ ತಕ್ಕ ಹಾಗೆ ಎಳೆಯುತ್ತಲೂ ಇದ್ದ. ಕೂಗು ಕೆಳಗಿನಿಂದ ಮೆಲ್ಲಗೆ ಶುರುವಾಗಿ, ಏರಿ, ಮೇಲೆ ಒಂದು ಗಳಿಗೆ ನಿಂತು, ಮತ್ತೆ ಮೆಲ್ಲಗೆ ಇಳಿಯುತ್ತಿತ್ತು. "ಏಕ್‌ದಂ ಎಳೆದ್ರೆ ಹಾಲು ಕರೆಯೋವಾಗ ಹಸು ಒದೀತವೆ, ತೊಟ್ಟಿಲಲ್ಲಿರೋ ಕೂಸುಗಳು ಬೆಚ್ಚಿ ಬೀಳ್ತವೆ. ಜನಾನ ಎಬ್ಬಿಸ್ಬೇಕು, ಹೆದರಿಸ್ಬಾರ್ದು" ಎನ್ನುತ್ತಿದ್ದ. ಬೆಳಗಿನ ಕೂಗಿಗೆ ಮುಂಚೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡೇ ಹೊರಡುತ್ತಿದ್ದ. ಅವ್ವ ವೀರಮ್ಮ ಇದನ್ನು ನೋಡಿ, "ಕಾರ್ಖಾನೆ ಪೂಜಾರಿ ಹೊರಟ್ರು" ಎಂದು ನಗುತ್ತಿದ್ದಳು.

ಮನೆಯಲ್ಲಿ ನಾವು ಮೂವರು ಮಕ್ಕಳು. ಅಣ್ಣ ಗಂಗಾಧರ, ಅಕ್ಕ ಉಮಾಮಹೇಶ್ವರಿ, ಬಹಳ ತಡವಾಗಿ ಬಂದ ನಾನು, ನೀಲಿ. ಅಣ್ಣ ಅಕ್ಕನಿಗಿಂತ ದೊಡ್ಡವನಾದರೂ ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲಿ ಒಮ್ಮೆ ಮುಗ್ಗರಿಸಿ, ಹಿಂದಿದ್ದ ತಂಗಿ ಬಂದು ಸೇರುವವರೆಗೆ ದಾರಿಯಲ್ಲೇ ಕಾದ. ಹಾಗಾಗಿ ಸಾವಿರದ ಒಂಬೈನೂರ ಮೂವತ್ತೇಳರ ಬೇಸಿಗೆಯಲ್ಲಿ ಇಬ್ಬರೂ ಒಟ್ಟಿಗೇ ಪರೀಕ್ಷೆ ಮುಗಿಸಿದರು. ಪಾಸಾದರೆ ಮುಂಗಾರು ಹಿಡಿಯುವ ಹೊತ್ತಿಗೆ ಇಬ್ಬರೂ ಮೈಸೂರಿಗೆ, ಕಾಲೇಜಿಗೆ. ಅಣ್ಣನಿಗೆ ನಮ್ಮವರ ಹಾಸ್ಟೆಲಿನಲ್ಲಿ ಜಾಗ, ಅಕ್ಕನಿಗೆ ಸೋದರತ್ತೆಯ ಮನೆ. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವುದೇ ಎಂದು ನೆಂಟರು ಒಬ್ಬೊಬ್ಬರಾಗಿ ಬಂದು ಕೇಳಿದರು. ಅಪ್ಪ ತನ್ನ ಸಣ್ಣ ದನಿಯಲ್ಲಿ ಏನೋ ಉತ್ತರ ಹೇಳುತ್ತಿದ್ದ, ಅದು ಅವರಿಗೆ ಕೇಳಿಸುತ್ತಿರಲಿಲ್ಲ, ಮತ್ತೆ ಕೇಳಲು ಅವರಿಗೆ ಸಂಕೋಚವಾಗುತ್ತಿತ್ತು. ಹೀಗೆ ಆ ಮಾತು ಮುಗಿಯಿತು.

ನನಗೆ ಅವರು ಹೋಗುವುದು ಖುಷಿಯ ವಿಷಯವೇ ಆಗಿತ್ತು. ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಕಿಟಕಿ ಇದ್ದದ್ದು ಒಂದೇ ಕೋಣೆಗೆ. ಆ ಕಿಟಕಿಯ ಕೆಳಗಿನ ಹಾಸಿಗೆ ಅಕ್ಕನದು. ಅದು ಇನ್ನು ಮೇಲೆ ನನ್ನದಾಗುತ್ತದೆ ಎಂದು ನಾನು ಆಗಲೇ ಬೀದಿಯ ಹುಡುಗಿಯರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಹೊರಗೆ ತಿರುಗಾಡುವ ಯೋಚನೆ ಅವ್ವನದು. ಒಂದು ದಿನ ಸಂಡಿಗೆ ಒಣಹಾಕುತ್ತಿದ್ದವಳು ಕೈ ನಿಲ್ಲಿಸಿ, "ಈ ಇಬ್ರೂ ಇಲ್ಲೇ ಬೆಳೆದ್ರು, ಆದ್ರೆ ಮನೆ, ಸ್ಕೂಲು, ಮನೆ. ಊರಿಂದಾಚೆ ಏನಿದೆ ಅಂತ ನೋಡೇ ಇಲ್ಲ. ಮೈಸೂರಲ್ಲಿ ಯಾರಾದ್ರೂ ನಿಮ್ಮೂರು ಹೆಂಗಿದೆ ಅಂದ್ರೆ ಏನು ಹೇಳ್ತಾರೆ, ಚಿಮಣಿ ಇದೆ ಅಂತಾರಾ?" ಎಂದಳು. ಅಪ್ಪ ತಲೆದೂಗಿದ. ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುವುದು, ಕತ್ತಲಾಗುವ ಮುಂಚೆ ಬರುವುದು ಎಂದು ತೀರ್ಮಾನವಾಯಿತು.

ಬರಲಾಗದವನು ಅಪ್ಪನೊಬ್ಬನೇ. ಅವನ ಬದಲಿಗೆ ಸರಪಳಿ ಹಿಡಿಯುತ್ತಿದ್ದ ಗೋವಿಂದಯ್ಯ ಚಳಿಜ್ವರ ಬಂದು ತನ್ನ ಊರಿಗೆ ಹೋಗಿ ಮಲಗಿಬಿಟ್ಟಿದ್ದ. ಕಾರ್ಖಾನೆಯ ಬೆಂಕಿಗೆ ಭಾನುವಾರವಿಲ್ಲ, ಕೂಗಿಗೂ ಇಲ್ಲ. ಬಾಯ್ಲರಿಗೆ ಸೌದೆ ಒಟ್ಟುವ ಪುಟ್ಟಪ್ಪ ತಾನು ಎಳೆಯುತ್ತೇನೆಂದ. ಮೇಸ್ತ್ರಿ ಭೈರಪ್ಪನವರೂ, "ಒಂದು ದಿನ ಅವನೇ ಎಳೀಲಿ ಬಿಡು ಹಾಲಸ್ವಾಮಿ, ಮಕ್ಕಳ ಜೊತೆ ಹೋಗಿ ಬಾ" ಎಂದರಂತೆ. ಅಪ್ಪ ಒಪ್ಪಲಿಲ್ಲ. "ಪುಟ್ಟಪ್ಪನ ಕೈಗೆ ಕೊಟ್ರೆ ಅದು ಕೂಗಲ್ಲ, ಕೆಮ್ಮುತ್ತೆ" ಎಂದು ಮನೆಗೆ ಬಂದು ನಮಗೆ ಹೇಳಿದ. ಹೇಳಿದ ಮೇಲೆ ಅಕ್ಕನ ಮುಖ ನೋಡಿ, "ಗೋವಿಂದಯ್ಯ ಬರ್ಲಿ ಮಗಳೇ. ನೀವು ಹೋಗೋದ್ರೊಳಗೆ ಒಂದು ಸಲ ಬಂದೇ ಬರ್ತೀನಿ" ಎಂದ. ಆ ಬೇಸಿಗೆಯಲ್ಲಿ ಅವನಿಗೆ ಬೇಕಾಗಿದ್ದದ್ದು ಅದೊಂದೇ, ಅದಕ್ಕೆ ಅಡ್ಡ ನಿಂತವನೂ ಅವನೇ. ನನಗೆ ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಮೊದಲ ಭಾನುವಾರ ಹತ್ತಿರದಲ್ಲೇ, ಭದ್ರೆಯ ದಂಡೆಗೆ ಹೋದೆವು. ಬೇಸಿಗೆಯ ಹೊಳೆ, ಬಂಡೆಗಳ ಸಂದಿಯಲ್ಲಿ ತೆಳ್ಳಗೆ ಹರಿಯುತ್ತಿತ್ತು. ಅಣ್ಣ ಈಜಿದ, ನಾನು ಕೆಸರಾದೆ, ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತು ತಾನೇ ತಾನಾಗಿ ನಗುತ್ತಿದ್ದಳು. ಅವ್ವನ ಕಾಲು ಅಷ್ಟು ಬೆಳ್ಳಗಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ನನಗೆ ಹಸಿವಾಗಿ ಬುತ್ತಿಗೆ ಕೈ ಹಾಕಿದೆ. ಅಕ್ಕ ಕೈಮೇಲೆ ಮೆಲ್ಲಗೆ ಹೊಡೆದು, "ತಡಿಯೇ, ಅಪ್ಪ ಕರೀಲಿ" ಎಂದಳು.

ಅದೇ ಪದ್ಧತಿಯಾಯಿತು. ಮಧ್ಯಾಹ್ನದ ಕೂಗು ಬರುವವರೆಗೆ ಬುತ್ತಿಯ ಗಂಟು ಬಿಚ್ಚುವಂತಿಲ್ಲ. ಕೂಗಿ ಮುಗಿಸಿದೊಡನೆ ಅಪ್ಪನೂ ಬಾಯ್ಲರ್ ಮನೆಯ ಹಿಂದೆ ಹೊಂಗೆ ಮರದ ಕೆಳಗೆ ಕೂತು ತನ್ನ ಗಂಟು ಬಿಚ್ಚುತ್ತಾನೆ. ಅವನ ಗಂಟಿನಲ್ಲಿರುವುದೇ ನಮ್ಮ ಗಂಟಿನಲ್ಲೂ ಇದೆ: ಅಕ್ಕಿರೊಟ್ಟಿ, ಎಣ್ಣೆಗಾಯಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನ. ಆದ್ದರಿಂದ ಐವರೂ ಒಟ್ಟಿಗೆ ಕೂತು ಉಂಡ ಹಾಗೇ ಆಯಿತು ಎಂದು ಅಕ್ಕ ಲೆಕ್ಕ ಹಾಕಿದಳು. ಲೆಕ್ಕದಲ್ಲಿ ಫೇಲಾದ ಅಣ್ಣನೂ ಅದನ್ನು ಒಪ್ಪಿದ.

ಸಂಜೆ ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಕೇಳಿದ, "ಕೇಳ್ತಾ?"

"ಕೇಳ್ತು ಅಪ್ಪ. ಹೊಳೆ ಮೇಲೆ ಬರುವಾಗ ಇನ್ನೂ ನುಣುಪಾಗಿ ಬರುತ್ತೆ" ಎಂದಳು ಅಕ್ಕ. "ನಾವು ಕೈ ತೊಳಕೊಳ್ಳೋ ತನಕ ಮೇಲೇ ನಿಂತಿತ್ತು."

ಇಷ್ಟು ವರ್ಷ ಸರಪಳಿ ಎಳೆದವನು ತನ್ನ ಕೂಗನ್ನು ದೂರದಿಂದ ಒಮ್ಮೆಯೂ ಕೇಳಿರಲಿಲ್ಲ. ಬೇರೆಯವರು ಎಳೆದರೆ ಅದು ಅವನದಲ್ಲ. ತಾನು ಎಳೆಯುವಾಗ ಅದರ ಬುಡದಲ್ಲೇ ಇರುತ್ತಾನೆ, ಕಿವಿಗೆ ಹತ್ತಿ ಬೇರೆ. ಅಕ್ಕನ ಮಾತನ್ನು ಅವನು ಎರಡೆರಡು ಸಲ ಹೇಳಿಸಿಕೊಂಡು ಕೇಳಿದ. ಆಮೇಲೆ, "ಮುಂದಿನ ವಾರ ಇನ್ನೂ ದೂರ ಹೋಗಿ. ಎಲ್ಲೀವರೆಗೆ ಬರುತ್ತೆ ನೋಡೋಣ" ಎಂದ.

ಹೀಗೆ ನಮ್ಮ ತಿರುಗಾಟಕ್ಕೊಂದು ಕೆಲಸ ಸಿಕ್ಕಿತು. ಎರಡನೆಯ ವಾರ ಕಾರ್ಖಾನೆಗೆ ಸೌದೆ ತರುವ ಟ್ರಾಮಿನ ಹಳಿ ಹಿಡಿದು ಕಾಡಿನ ಅಂಚಿನವರೆಗೆ ನಡೆದೆವು. ಅಲ್ಲಿ ಒಂದು ಗುಡ್ಡಕ್ಕೆ ಬಡಿದು ಕೂಗು ತಿರುಗಿ ಬಂತು. ಅದನ್ನು ಹೇಳಿದಾಗ ಅಪ್ಪನಿಗೆ ಹಿಡಿಸಲಾರದ ಸಂತೋಷ. ಮಾರನೆಯ ದಿನ ಬಾಯ್ಲರ್ ಮನೆಯವರಿಗೆಲ್ಲ, "ನಂದು ಕಾಡಲ್ಲಿ ಎರಡು ಸಲ ಕೇಳುತ್ತೆ" ಎಂದು ಹೇಳಿಕೊಂಡು ಬಂದನಂತೆ. ಅವನು ಆ ದಿನಗಳಲ್ಲಿ ಎಳೆಯುವುದರಲ್ಲೂ ವ್ಯತ್ಯಾಸವಿತ್ತು. ಭಾನುವಾರದ ಮಧ್ಯಾಹ್ನದ ಕೂಗು ಮಿಕ್ಕ ದಿನಗಳಿಗಿಂತ ತುಸು ಉದ್ದವಿರುತ್ತಿತ್ತು. ಊರಿನಲ್ಲಿ ಅದನ್ನು ಗಮನಿಸಿದವರು ಯಾರೂ ಇರಲಾರರು. ನಾವು ಗಮನಿಸಿದ್ದೆವು.

ಆಮೇಲಿನ ವಾರ ಶಿವಮೊಗ್ಗದ ದಾರಿಯಲ್ಲಿ ಮಾಚೇನಹಳ್ಳಿಯ ಮಾವಿನ ತೋಪಿಗೆ ಹೋದೆವು. ಪರಿಚಯದವರ ಎತ್ತಿನ ಗಾಡಿ ಆ ಕಡೆ ಹೋಗುವುದಿತ್ತು, ಅದರಲ್ಲೇ ಹತ್ತಿಸಿಕೊಂಡರು. ತೋಪಿನಲ್ಲಿ ಕಾಯಿ ಕೆಡವುವುದು, ಉಪ್ಪು ಖಾರ ಹಚ್ಚುವುದು, ಹಲ್ಲು ಜುಮ್ಮೆನ್ನುವವರೆಗೆ ತಿನ್ನುವುದು ಇದೇ ಆಯಿತು. ಮಧ್ಯಾಹ್ನ ಹತ್ತಿರವಾದಾಗ ಎಲ್ಲರೂ ಸುಮ್ಮನೆ ಕೂತು ಕಾದೆವು. ತುಂಬ ಹೊತ್ತಿನ ಮೇಲೆ ಅಣ್ಣ, "ಬಂತು" ಎಂದ. ಬಂದಿತ್ತು ನಿಜ. ಆದರೆ ಎಷ್ಟು ಸಣ್ಣಗೆ ಎಂದರೆ, ಅಪ್ಪ ಮನೆಯಲ್ಲಿ ನೀರು ಕೇಳುತ್ತಿದ್ದನಲ್ಲ, ಅಷ್ಟು ಸಣ್ಣಗೆ. ಮಾಚೇನಹಳ್ಳಿಗೇ ಇಷ್ಟಾದರೆ ಮೈಸೂರು ಎಷ್ಟು ದೂರವಿರಬಹುದು ಎಂದು ನಾನು ಮೊದಲ ಸಲ ಯೋಚಿಸಿದ್ದು ಆ ತೋಪಿನಲ್ಲಿ. ಕಿಟಕಿಯ ಕೆಳಗಿನ ಹಾಸಿಗೆ ನನಗೆ ಬೇಡವೇ ಬೇಡ ಎನ್ನಿಸಿಬಿಟ್ಟಿತು.

ಅಂದು ಸಂಜೆ ಅಣ್ಣ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟ. "ಸೊಳ್ಳೆ ಗುಂಯ್ ಅಂದಂಗೆ ಕೇಳ್ತು ಅಪ್ಪ."

"ಸೊಳ್ಳೆನಾ" ಎಂದ ಅಪ್ಪ. ಊಟಕ್ಕೆ ಕೂತವನು ಅರ್ಧ ರೊಟ್ಟಿ ತಿಂದು ಎದ್ದ. ಅವ್ವ ಅಣ್ಣನನ್ನು ಅಡುಗೆಮನೆಗೆ ಕರೆದು ಚೆನ್ನಾಗಿ ಬೈದಳು. "ಕಾಲೇಜಿಗೆ ಹೋಗೋ ಗಂಡು, ನಿಂಗೆ ಯಾವ ಮಾತು ಎಲ್ಲಿ ಆಡ್ಬೇಕು ಅಂತ ತಿಳಿಯಲ್ವಾ? ನಿಮ್ಮ ಜೊತೆ ಬರೋಕಾಗ್ದೆ ಅದೊಂದನ್ನ ಕಳಿಸ್ತಾ ಇದ್ದಾರೆ ಆ ಮನುಷ್ಯ. ಅದನ್ನ ಸೊಳ್ಳೆ ಅಂತೀಯಾ?" ಅಣ್ಣನ ಕಣ್ಣಲ್ಲಿ ನೀರು ಬಂತು. ಇನ್ನು ಎಲ್ಲಿಗೆ ಹೋದರೂ ಕೇಳಿತು ಎಂದೇ ಹೇಳುವುದು ಎಂದು ಅಡುಗೆಮನೆಯಲ್ಲಿ ನಾಲ್ವರ ನಡುವೆ ಒಪ್ಪಂದವಾಯಿತು.

ಅದಾಗಿ ಕೆಲವು ದಿನಕ್ಕೆ ಫಲಿತಾಂಶ ಬಂದು ಇಬ್ಬರೂ ಪಾಸಾದರು. ಆ ಭಾನುವಾರ ಸ್ವಲ್ಪ ಧಾರಾಳವಾಗಿಯೇ, ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಜಟಕಾ ಹಿಡಿದು, ಊರಿನಾಚೆ ಹರಕೆರೆಯ ಹತ್ತಿರ ತುಂಗೆಯ ದಂಡೆಗೆ ಹೋದೆವು. ಅಲ್ಲಿ ಹೊಳೆ ನಮ್ಮ ಭದ್ರೆಗಿಂತ ಅಗಲ, ನೀರೂ ತಿಳಿ. ಆದರೆ ಕೂಗು ಬರಲಿಲ್ಲ. ನೆರಳು ಕಾಲಡಿಗೆ ಬಂತು, ಆಚೆಗೂ ಹೋಯಿತು, ಬರಲಿಲ್ಲ. ಕೊನೆಗೆ ಅವ್ವ, "ಈಗ ಕೂಗಿರುತ್ತೆ, ಉಣ್ಣಿ" ಎಂದು ತಾನೇ ಗಂಟು ಬಿಚ್ಚಿದಳು. ರೊಟ್ಟಿ ಅವತ್ತು ಯಾರಿಗೂ ರುಚಿಸಲಿಲ್ಲ.

ಸಂಜೆ ಸುಳ್ಳು ಹೇಳುವ ಸರದಿ ಅಕ್ಕನದು. ಅಣ್ಣನಿಗೆ ಬರುತ್ತಿರಲಿಲ್ಲ, ನನ್ನ ಮೇಲೆ ಯಾರಿಗೂ ನಂಬಿಕೆಯಿರಲಿಲ್ಲ.

"ಶಿವಮೊಗ್ಗ ದಾಟಿದ್ರೂ ಕೇಳ್ತಾ?" ಎಂದ ಅಪ್ಪ. "ಆ ಊರಿನೋರು ಯಾರೂ ಕೇಳಿದೀವಿ ಅಂತ ಇದುವರೆಗೆ ಹೇಳಿಲ್ಲ."

"ಊರೊಳಗೆ ಗಾಡಿ, ಸಂತೆ, ಗಲಾಟೆ, ಎಲ್ಲಿ ಕೇಳುತ್ತೆ ಅಪ್ಪ? ಹರಕೆರೇಲಿ ಹಕ್ಕಿ ದನಿ ಬಿಟ್ರೆ ಏನಿಲ್ಲ. ನೀರಿನ ಮೇಲೆ ತೇಲ್ಕೊಂಡು ಬಂತು. ಸಣ್ಣಗೆ, ಆದ್ರೆ ಸ್ಪಷ್ಟವಾಗಿ. ನೀಲಿ ಎದ್ದು ಕುಣಿದ್ಲು."

ನಾನು ಕುಣಿದೆನೆಂದು ತಲೆಯಾಡಿಸಿದೆ.

ಅಕ್ಕ ಸುಳ್ಳನ್ನು ಅಷ್ಟು ಚೆನ್ನಾಗಿ ಹೇಳಿದ್ದೇ ತಪ್ಪಾಯಿತು. ಅಪ್ಪ ಕಾರ್ಖಾನೆಯಲ್ಲೆಲ್ಲ ಸಾರಿಬಿಟ್ಟ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಆ ವಾರವೇ ಗೋವಿಂದಯ್ಯ ಜ್ವರ ಬಿಟ್ಟು ಸೊರಗಿದ ಮುಖ ಹೊತ್ತು ಕೆಲಸಕ್ಕೆ ಮರಳಿದ. ಅಣ್ಣ ಅಕ್ಕ ಹೊರಡುವುದು ಬುಧವಾರದ ರೈಲಿಗೆ. ಅದಕ್ಕೆ ಮುಂಚೆ ಉಳಿದದ್ದು ಒಂದೇ ಭಾನುವಾರ. ಅಪ್ಪ ರಜ ಕೇಳಿಕೊಂಡು ಬಂದು ಜಗಲಿಯಲ್ಲಿ ಕೂತು ಹೇಳಿದ, "ಈ ಸಲ ನಾನೂ ಬರ್ತೀನಿ. ಹರಕೆರೆಗೇ ಹೋಗೋಣ. ಅಲ್ಲಿಗೆ ಬರುತ್ತೆ ಅಂದ್ರಲ್ಲ, ನಾನೂ ಒಂದು ಸಲ ಕೇಳ್ತೀನಿ."

ಅವ್ವ, "ಅಷ್ಟು ದೂರ ಯಾಕೆ, ಇಲ್ಲೇ ಹೊಳೆ ದಂಡೆಗೆ ಹೋದ್ರಾಯ್ತು" ಎಂದಳು. ಅಣ್ಣ ಬಿಸಿಲು ಎಂದ. ಅಕ್ಕ ಬಟ್ಟೆ ಕಟ್ಟುವುದಿದೆ ಎಂದಳು. ಅಪ್ಪ ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ನನ್ನ ಜೊತೆ ಹೋಗೋಕೆ ನಿಮಗೆ ಇಷ್ಟ ಇಲ್ವೇನೋ" ಎಂದ. ಅಲ್ಲಿಗೆ ಬಾಯಿ ಮುಚ್ಚಿದೆವು.

ಆ ಭಾನುವಾರ ಅಪ್ಪ ಮಲ್ಲುಪಂಚೆ ಉಟ್ಟು, ಕರಿ ಕೋಟು ತೊಟ್ಟು, ಮದುವೆಗೆ ಹೊರಟವನ ಹಾಗೆ ರುಮಾಲು ಸುತ್ತಿದ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಕಾರ್ಖಾನೆಯ ಚಿಮಣಿ ಮರೆಯಾಗುವವರೆಗೂ ಅದನ್ನೇ ನೋಡಿದ. ಮರೆಯಾದ ಮೇಲೆ ಒಂದು ಥರ ಹಗುರಾದ. ಅಪ್ಪ ಅಷ್ಟೊಂದು ಮಾತಾಡಿದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ. ತಾನು ಹುಡುಗನಾಗಿದ್ದಾಗ ಈ ಕಾರ್ಖಾನೆ ಇರಲಿಲ್ಲ, ಊರಿಗೆ ಬೆಂಕಿಪುರ ಎನ್ನುತ್ತಿದ್ದರು, ಕೋಳಿ ಕೂಗಿದರೆ ಏಳುತ್ತಿದ್ದರು ಎಂದೆಲ್ಲ ಹೇಳಿದ. "ಈಗ ಕೋಳೀನೂ ನನ್ನನ್ನ ಕಾಯುತ್ತೆ" ಎಂದು ತನ್ನ ಮಾತಿಗೆ ತಾನೇ ನಕ್ಕ.

ಹರಕೆರೆಯಲ್ಲಿ ಅವನು ಕೋಟು ಬಿಚ್ಚಿ ಕೊಂಬೆಗೆ ಹಾಕಿ, ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಕುಪ್ಪಳಿಸುವ ಹಾಗೆ ಎಸೆಯುವುದನ್ನು ಅಣ್ಣನಿಗೆ ಕಲಿಸಿದ. ಅಣ್ಣನಿಗೆ ಅದು ಬಹಳ ಹಿಂದೆಯೇ ಬರುತ್ತಿತ್ತು. ಬರದವನ ಹಾಗೆ ಕಲಿತ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮೈಸೂರಲ್ಲಿ ಹೊಳೆ ಇದ್ಯಾ?" ಎಂದು ಕೇಳಿದ. ಊರೊಳಗಿಲ್ಲ, ಕೆರೆಯಿದೆಯಂತೆ ಎಂದಳು ಅಕ್ಕ. "ಕೆರೆ ಆದ್ರೂ ಸರಿ, ಆವಾಗಾವಾಗ ಹೋಗಿ ಕೂತ್ಕೋ" ಎಂದ. ನನ್ನನ್ನು ಹೆಗಲ ಮೇಲೆ ಹೊತ್ತು ನಡುನೀರಿನ ಬಂಡೆಯವರೆಗೆ ಹೋಗಿ ಬಂದ. ನಾನು ಹೆಗಲ ಮೇಲೆ ಕೂರುವ ವಯಸ್ಸಿನವಳಲ್ಲ, ಆದರೂ ಹೊತ್ತ. ಆ ಬೆಳಗು ಹಾಗೇ ನಿಂತುಬಿಡಲಿ, ಮಧ್ಯಾಹ್ನವೇ ಆಗದಿರಲಿ ಎಂದು ನಾನು ಬೇಡಿಕೊಂಡೆ. ಮಿಕ್ಕ ಮೂವರೂ ಅದನ್ನೇ ಬೇಡಿಕೊಳ್ಳುತ್ತಿದ್ದರು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ನೆರಳು ಗಿಡ್ಡವಾಗುತ್ತ ಬಂದಾಗ ಅಪ್ಪ ಮಾತು ನಿಲ್ಲಿಸಿದ. ದಂಡೆಯ ಎತ್ತರದ ಬಂಡೆಯೊಂದನ್ನು ಹತ್ತಿ, ಭದ್ರಾವತಿಯ ದಿಕ್ಕಿಗೆ ಮುಖ ಮಾಡಿ, ರುಮಾಲನ್ನು ಕಿವಿಯಿಂದ ಮೇಲಕ್ಕೆ ಸರಿಸಿಕೊಂಡು ನಿಂತ. ಅವ್ವ ಬುತ್ತಿಯ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಅದು ಬಿಟ್ಟರೆ ನೀರಿನ ಸದ್ದು. ಗಾಳಿ ಬೇರೆ ನಮ್ಮ ಬೆನ್ನಿನ ಕಡೆಯಿಂದ ಬೀಸುತ್ತಿತ್ತು.

ಹೊತ್ತು ಹೋಯಿತು. ಅಪ್ಪ ಅಲುಗಾಡಲಿಲ್ಲ. ನಾನು ತಡೆಯಲಾರದೆ ನಿಜ ಹೇಳಿಬಿಡಲು ಬಾಯಿ ತೆರೆದೆ. ಅಣ್ಣ ನನ್ನ ಕೈ ಗಟ್ಟಿಯಾಗಿ ಹಿಡಿದ. ನೆರಳು ಇನ್ನೊಂದು ಪಕ್ಕಕ್ಕೆ ಹೊರಳಿದ್ದು ನನಗೇ ಕಾಣುತ್ತಿತ್ತು. ಅಕ್ಕ ಎದ್ದು ನಿಂತು, "ಅಪ್ಪ" ಎಂದಳು.

ಅಪ್ಪ ತಿರುಗಿದ. ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಬಂಡೆಯಿಂದ ಇಳಿಯುತ್ತ, "ನೋಡಿದ್ರಾ, ಗೋವಿಂದಯ್ಯನ ಕೈಲಿ ಆಗ್ಲಿಲ್ಲ" ಎಂದ. "ಚಳಿಜ್ವರದಿಂದ ಎದ್ದ ಮನುಷ್ಯ. ತೋಳಲ್ಲಿ ಕಸುವೇ ಇಲ್ಲ. ಇಷ್ಟು ದೂರ ಬರೋ ಹಂಗೆ ಎಳಿಯೋಕೆ ಅವನಿಂದ ಎಲ್ಲಾಗುತ್ತೆ?"

"ಅಲ್ವಾ ಮತ್ತೆ" ಎಂದಳು ಅವ್ವ. ಅಣ್ಣ ನನ್ನ ಕೈ ಬಿಟ್ಟ.

"ಅದಕ್ಕೇ ನಾನು ಯಾರ ಕೈಗೂ ಕೊಡಲ್ಲ" ಎಂದು ಅಪ್ಪ ಹತ್ತಿರ ಬಂದ. "ಹಂಗಂತ ಉಪವಾಸ ಇರೋಕಾಗುತ್ತಾ?" ಎನ್ನುತ್ತ ಎರಡೂ ಅಂಗೈಗಳನ್ನು ಬಾಯಿಗೆ ಒಡ್ಡಿ ಕೂಗಿದ. ಕೆಳಗಿನಿಂದ ಮೆಲ್ಲಗೆ ಶುರುಮಾಡಿ, ಏರಿಸಿ, ಮೇಲೆ ಒಂದು ಗಳಿಗೆ ನಿಲ್ಲಿಸಿ, ಮತ್ತೆ ಮೆಲ್ಲಗೆ ಇಳಿಸಿದ. ಸಣ್ಣ ದನಿ, ನಡುವೆ ಒಡೆಯಿತು. ಆಚೆ ದಂಡೆಯ ಬಟ್ಟೆಯವರು ಕೈ ನಿಲ್ಲಿಸಿ ನೋಡಿದರು. ಕಾರ್ಖಾನೆಯ ಅಷ್ಟು ದೊಡ್ಡ ಕೂಗು ಅವನ ಗಂಟಲಲ್ಲಿ ಅಚ್ಚು ಹಾಕಿದ ಹಾಗೆ ಇತ್ತು. "ಬಿಚ್ಚು ಮಾರಾಯ್ತಿ, ಊಟದ ಹೊತ್ತಾಯ್ತು" ಎಂದು ಅವ್ವನಿಗೆ ಹೇಳಿ ಚಕ್ಕಳಮಕ್ಕಳ ಹಾಕಿ ಕೂತ.

ನಾವು ನಕ್ಕೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕನ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅಪ್ಪ ಯಾಕೆಂದು ಕೇಳಲಿಲ್ಲ. "ಚಟ್ನಿಪುಡಿ ಖಾರ ಆಯ್ತಾ?" ಎಂದ. ಅವಳು ಇನ್ನೂ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ಹೌದೆಂದು ತಲೆಯಾಡಿಸಿದಳು. ಆ ಬೇಸಿಗೆಯಲ್ಲಿ ಐವರೂ ನಿಜವಾಗಿ ಒಟ್ಟಿಗೆ ಕೂತು ಹೊರಗೆ ಉಂಡದ್ದು ಅದೊಂದೇ ಊಟ.

ಬರುವಾಗ ರೈಲಿನಲ್ಲಿ ಅಣ್ಣ ನನ್ನ ಕಿವಿಯಲ್ಲಿ, "ಬಚಾವಾದ್ವಿ ಕಣೇ" ಎಂದ. ನನಗೂ ಹಾಗೇ ಅನ್ನಿಸಿತು.

ಬುಧವಾರ ಬೆಳಗ್ಗೆ ಅಪ್ಪ ಎಂದಿನಂತೆ ಪೂಜೆ ಮುಗಿಸಿ, ಇಬ್ಬರ ಹಣೆಗೂ ವಿಭೂತಿ ಹಚ್ಚಿ, ತಲೆಯ ಮೇಲೆ ಕೈಯಿಟ್ಟು, ಕೆಲಸಕ್ಕೆ ಹೋಗಿಬಿಟ್ಟ. ರಜ ಆಗಲೇ ತೆಗೆದುಕೊಂಡಾಗಿದೆ ಎಂದ. ಸ್ಟೇಷನ್ನಿಗೆ ಹೋದದ್ದು ಅವ್ವ, ನಾನು, ಮೈಸೂರಿನವರೆಗೆ ಜೊತೆಗೆ ಹೊರಟಿದ್ದ ಸೋದರಮಾವ ಓಂಕಾರಪ್ಪ. ಅಕ್ಕ ರೈಲು ಹತ್ತುವ ಮುಂಚೆ ಕಾರ್ಖಾನೆಯ ಕಡೆಗೆ ಮೂರು ನಾಲ್ಕು ಸಲ ನೋಡಿದಳು. ಕಿಟಕಿಯಿಂದ ಕೈ ಚಾಚಿ ನನ್ನ ಜಡೆ ಹಿಡಿದು, "ಹಾಸಿಗೆ ಇನ್ನು ನಿಂದೇ" ಎಂದಳು. ರೈಲು ಹೊರಟಿತು.

ಆಗ ಕಾರ್ಖಾನೆ ಕೂಗಿತು.

ಅದು ಯಾವ ಕೂಗಿನ ಹೊತ್ತೂ ಅಲ್ಲ. ಬೆಳಗಿನದು ಮುಗಿದು ಬಹಳ ಹೊತ್ತಾಗಿತ್ತು, ಮಧ್ಯಾಹ್ನದ್ದಕ್ಕೆ ಇನ್ನೂ ಎಷ್ಟೋ ಇತ್ತು. ಪ್ಲಾಟ್‌ಫಾರಮ್ಮಿನಲ್ಲಿದ್ದವರೆಲ್ಲ ತಲೆಯೆತ್ತಿದರು. ಕೂಗು ಮೆಲ್ಲಗೆ ಏರಿ, ಮೇಲೆ ನಿಂತಿತು. ಇಳಿಯಲಿಲ್ಲ. ರೈಲು ತಿರುವಿನಲ್ಲಿ ಮರೆಯಾಯಿತು, ಹೊಗೆಯೂ ಚದುರಿತು, ಕೂಗು ಮಾತ್ರ ಹಾಗೇ ಇತ್ತು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಸಾಕು ಅಪ್ಪ, ಸಾಕು ಎಂದು ನನಗೇ ಅನ್ನಿಸುವಷ್ಟು ಹೊತ್ತಾಯಿತು. ಆಮೇಲೆ ಮೆಲ್ಲಗೆ, ಬಿಡಲಾರದವನ ಹಾಗೆ, ಇಳಿಯಿತು.

ಊರೆಲ್ಲ ಗೊಂದಲ. ಒಂದು ಕಡೆ ಕೆಲಸದವರು ಊಟವೆಂದು ಕೈ ತೊಳೆದು ಹೊರಗೆ ಬಂದರಂತೆ. ಇನ್ನೊಂದು ಕಡೆ ಏನೋ ಅನಾಹುತವಾಗಿದೆ ಎಂದು ಓಡಿದರಂತೆ. ಕ್ವಾರ್ಟರ್ಸಿನ ಹೆಂಗಸರು ಬೇಯದ ಬೇಳೆಯನ್ನು ಇಳಿಸಿ ಅಪ್ಪನಿಗೆ ಶಾಪ ಹಾಕಿದರು. ಅಪ್ಪನನ್ನು ಮೇಲಿನವರು ಕರೆಸಿ ಕೇಳಿದಾಗ, "ಸರಪಳಿಗೆ ಕೈ ಸಿಕ್ಕೊಂಡಿತ್ತು ಸ್ವಾಮಿ" ಎಂದನಂತೆ. ಹದಿನೈದು ವರ್ಷದಿಂದ ಒಮ್ಮೆಯೂ ಸಿಕ್ಕಿಕೊಳ್ಳದ ಕೈ. ಭೈರಪ್ಪನವರು ಅಡ್ಡ ಬಂದು ಸಮಾಧಾನ ಹೇಳಿದ್ದಕ್ಕೆ ಬರಿಯ ಬೈಗುಳದಲ್ಲಿ ಮುಗಿಯಿತು. ಬಹಳ ದಿನ ಬಜಾರಿನಲ್ಲಿ ಅವನನ್ನು ಕಂಡವರು, "ಹಾಲಸ್ವಾಮಿ, ಇವತ್ತು ಊಟ ಎಷ್ಟೊತ್ತಿಗಪ್ಪ?" ಎಂದು ಚುಡಾಯಿಸುತ್ತಿದ್ದರು.

ಇದೆಲ್ಲ ಆಗಿ ಈಗ ಹನ್ನೆರಡು ವರ್ಷ. ಅಪ್ಪ ಸರಪಳಿ ಬಿಟ್ಟು ಮನೆಯಲ್ಲಿದ್ದಾನೆ. ಅವನ ಜಾಗಕ್ಕೆ ಪುಟ್ಟಪ್ಪನೇ ಬಂದ, ಕೂಗು ಕೆಮ್ಮುವುದು ನಿಜ. ಅಕ್ಕ ಮೈಸೂರಿನ ಶಾಲೆಯೊಂದರಲ್ಲಿ ಮೇಡಂ ಆಗಿದ್ದಾಳೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮೊದಲ ತುತ್ತು ಎತ್ತುವ ಮುಂಚೆ ಅವಳ ಕೈ ಒಂದು ಗಳಿಗೆ ತಡೆಯುತ್ತದೆ. ನಾನು ಅವಳ ಮನೆಗೆ ಹೋದಾಗ ನೋಡಿದ್ದೇನೆ. ಅವಳ ಗಂಡ ಅದನ್ನು ದೈವಭಕ್ತಿ ಎಂದುಕೊಂಡಿದ್ದಾನೆ, ಅವಳೂ ತಿದ್ದಿಲ್ಲ.

ಅಣ್ಣ ಅಕ್ಕ ಹೋದ ದಿನ ಸಂಜೆ ಅಪ್ಪ ಬೈಸಿಕೊಂಡು ಬಂದು, ಒಳಗೆ ಹೋಗದೆ ಹೊರಗೆ ಮೆಟ್ಟಿಲ ಮೇಲೆ ಕೂತ. ಅವತ್ತು "ಕೇಳ್ತಾ?" ಎಂದು ಕೇಳಲಿಲ್ಲ. ಉತ್ತರ ಹೇಳುತ್ತಿದ್ದ ಅಕ್ಕ ಮನೆಯಲ್ಲಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನ ಕೈಗೆ ಮಸಿಯಿತ್ತು, ಅಂಗೈಯಲ್ಲಿ ಸರಪಳಿಯ ಗುರುತು ಕೆಂಪಗೆ ಮೂಡಿತ್ತು. ಅವನನ್ನು ನೋಡಲಾಗದೆ ನಾನೇ ಹೇಳಿದೆ, "ಅಪ್ಪ, ಅಷ್ಟು ಉದ್ದ ಎಳೆದ್ಯಲ್ಲ, ಅಣ್ಣ ಅಕ್ಕಂಗೆ ತರೀಕೆರೆ ತನಕ ಕೇಳಿರುತ್ತೆ."

ಅಪ್ಪ ನನ್ನ ತಲೆ ಸವರಿದ. "ಹರಕೆರೆಗೇ ಬರ್ಲಿಲ್ಲ ಮಗಳೇ" ಎಂದ. "ಇನ್ನು ತರೀಕೆರೆಗೆ ಎಲ್ಲಿ?"

"ಅದು ಗೋವಿಂದಯ್ಯ ಎಳೆದಿದ್ದಕ್ಕೆ" ಎಂದೆ ನಾನು.

"ಹಬೆ ಕೂಗುತ್ತೆ ಕಣಮ್ಮ, ತೋಳಲ್ಲ. ಸರಪಳಿ ಎಳಿಯೋಕೆ ನೀನಾದ್ರೂ ಸಾಕು. ಯಾರು ಎಳೆದ್ರೂ ಅಷ್ಟೇ ದೂರ ಹೋಗೋದು." ಅವನು ಕೋಪದಲ್ಲಿ ಹೇಳುತ್ತಿರಲಿಲ್ಲ. "ನಿಮ್ಮಕ್ಕ ನೀರಿನ ಮೇಲೆ ತೇಲ್ಕೊಂಡು ಬಂತು ಅಂದ್ಲಲ್ಲ, ಅವತ್ತೇ ಗೊತ್ತಾಯ್ತು. ಗೊತ್ತಿದ್ದೂ ಕಾರ್ಖಾನೇಲೆಲ್ಲ ಹೇಳ್ಕೊಂಡೆ. ನನಗೋಸ್ಕರ ಅಷ್ಟು ಚೆನ್ನಾಗಿ ಹೇಳಿದ್ಲಲ್ಲ, ಆ ಜಾಗಕ್ಕೆ ಒಂದು ಸಲ ಹೋಗಿ ಬರೋಣ ಅನ್ನಿಸ್ತು."

ನಾನು ಅವನ ಅಂಗೈಯ ಗುರುತನ್ನು ಮುಟ್ಟಿ ಕೇಳಿದೆ, "ಹಂಗಾದ್ರೆ ಇವತ್ತು ಅಷ್ಟು ಹೊತ್ತು ಯಾಕೆ ಹಿಡಿದಿದ್ದೆ? ಕೇಳಿಸಲ್ಲ ಅಂತ ಗೊತ್ತಿತ್ತಲ್ಲ."

"ಕೇಳಿಸೋದು ನಿಂತ ಮೇಲೂ ಅವರಿಬ್ರೂ ಕಿವಿ ಕೊಟ್ಕೊಂಡೇ ಕೂತಿರ್ತಾರೆ, ಇನ್ನೂ ಬರ್ತಾ ಇದ್ಯೇನೋ ಅಂತ" ಎಂದ ಅಪ್ಪ. "ಅಲ್ಲೀ ತನಕ ಹಿಡಿದಿದ್ದೆ."

ಒಳಗಿನಿಂದ ಅವ್ವ ಊಟಕ್ಕೆ ಕರೆದಳು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆವು.